ತಿಮಿಂಗಿಲ ಯಾರ ಬಲಕ್ಕೆ?

ಆನೈಮಲೈ ಆಚೆಯ ಅಣೆಯ ನೀರಿಗೆ ತಿಮಿಂಗಿಲ ಬಂದು ಸೇರಿ ವರ್ಷವಾಗಿತ್ತು. ಸಮುದ್ರದ ವಾಸನೆಯೂ ಬಾರದ ಈ ಕಡೆಗೆ ಅದು ಯಾವ ದಾರಿಯಿಂದ ಬಂತೆಂದು ಜನ ಒಂದು ವಾರ ತಲೆ ಕೆಡಿಸಿಕೊಂಡರು. ಆಮೇಲೆ ಅಣೆಯ ರಸ್ತೆಯಲ್ಲಿ ಮೀನು ಹುರಿಯುವ ಅಂಗಡಿಗಳೆದ್ದವು, ಭಾನುವಾರ ಕಾರು ನಿಲ್ಲಿಸಲು ಜಾಗ ಸಿಗದಾಯಿತು. ತಿಮಿಂಗಿಲದ ಬಗ್ಗೆ ಈಗ ಯಾರಾದರೂ ದೂರು ಹೇಳಿದರೆ ಅದು ಪಾರ್ಕಿಂಗ್ ಬಗ್ಗೆಯೇ.

ಅಂಥದೊಂದು ಭಾನುವಾರ ಇಂದುಜಾ ರೇಷ್ಮೆ ಸೀರೆಯುಟ್ಟು, ಜಡೆ ತುಂಬ ಮಲ್ಲಿಗೆ ಮುಡಿದು, ಅಪ್ಪ ನಂಜುಂಡನ್ ಮತ್ತು ಅಜ್ಜಿ ಮುತ್ತಮ್ಮಾಳ್ ಜೊತೆ ತಿಮಿಂಗಿಲ ನೋಡಲು ಬಂದಳು. ನೋಡುವುದಕ್ಕಿಂತ ಹೆಚ್ಚಾಗಿ, ಕೇಳಲು ಬಂದಳು. ದಿವಾಕರನನ್ನು ಮದುವೆಯಾಗಬಹುದೋ ಬೇಡವೋ ಎಂದು ಆ ಪ್ರಾಣಿ ಇವತ್ತು ಹೇಳಬೇಕಾಗಿತ್ತು.

ನಗಬೇಡಿ. ಅವರ ಮನೆತನದಲ್ಲಿ ಜಾತಕ ಕೂಡಿದರೆ ಸಾಲದು. ಗಂಡಿನವರೂ ಹೆಣ್ಣಿನವರೂ ಕುಲದೇವರ ಗುಡಿಯಲ್ಲಿ ಕೂತು ಹಲ್ಲಿ ಲೊಚಗುಟ್ಟುವುದನ್ನು ಕಾಯಬೇಕು. ಬಲಕ್ಕೆ ನುಡಿದರೆ ಮದುವೆ, ಎಡಕ್ಕೆ ನುಡಿದರೆ ಕಾಫಿ ಕುಡಿದು ಅವರವರ ಮನೆಗೆ. ಆದರೆ ಹೋದ ವರ್ಷ ಗುಡಿಗೆ ಗ್ರಾನೈಟ್ ಹಾಕಿಸಿ ಮೂಲೆಮೂಲೆಗೂ ಬಿಳಿ ದೀಪ ಕಟ್ಟಿದ ಮೇಲೆ ಅಲ್ಲಿನ ಹಲ್ಲಿಗಳು ಬಾಯಿ ಬಿಟ್ಟಿಲ್ಲ. ಎರಡು ಸಲ ಹೋಗಿ ಕೂತಿದ್ದಾಯಿತು. ಎರಡನೆಯ ಸಲ ಪೂಜಾರಿ ಸೀನಿದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ದಾರಿ ತೋರಿಸಿದವಳು ಮುತ್ತಮ್ಮಾಳೇ.

"ಹಲ್ಲಿ ಎಷ್ಟುದ್ದ, ತಿಮಿಂಗಿಲ ಎಷ್ಟುದ್ದ? ಅಷ್ಟು ಚಿಕ್ಕದ್ರ ಮಾತು ನಡೀತದೆ ಅಂದ್ರೆ, ಇಷ್ಟು ದೊಡ್ಡದ್ರ ಮಾತು ನಡೆಯಾಕಿಲ್ವಾ?" ಎಂದಿದ್ದಳು.

ತಿಮಿಂಗಿಲ ಮೇಲೆ ಬಂದು ಉಸಿರು ಬಿಟ್ಟಾಗ ನೀರು ಬಲಕ್ಕೆ ಎದ್ದರೆ ಒಳ್ಳೆಯದು, ಎಡಕ್ಕೆ ಎದ್ದರೆ ಬೇಡ ಎಂದು ತೀರ್ಮಾನವಾಯಿತು. ಸುತ್ತಮುತ್ತಲ ಊರುಗಳ ನಾಲ್ಕಾರು ಮದುವೆಗಳು ಆಗಲೇ ಹೀಗೆ ನಿಶ್ಚಯವಾಗಿದ್ದವಂತೆ.

ಇಂದುಜಾಳಿಗೆ ನಗುವಷ್ಟು ವ್ಯವಧಾನವಿರಲಿಲ್ಲ. ಅವಳೂ ದಿವಾಕರನೂ ತಿರುಪ್ಪೂರಿನ ಒಂದೇ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವವರು. ಅವಳ ಮನಸ್ಸು ಯಾವ ಹಲ್ಲಿಯನ್ನೂ ಕೇಳದೆ ಎಂದೋ ನಿಶ್ಚಯ ಮಾಡಿಕೊಂಡಿತ್ತು. ಆದರೆ ಇನ್ನೆರಡು ದಿನಕ್ಕೆ ಆಡಿ ತಿಂಗಳು ಹುಟ್ಟುತ್ತದೆ, ಆಡಿಯಲ್ಲಿ ಯಾರೂ ಮದುವೆಯ ಮಾತೆತ್ತುವುದಿಲ್ಲ. ಆಡಿ ಕಳೆದ ಮರುದಿನವೇ ಉಡುಮಲೈಯ ಬೇರೊಂದು ಹುಡುಗಿಯನ್ನು ನೋಡಲು ಹೋಗುವುದೆಂದು ದಿವಾಕರನ ಸೋದರಮಾವ ಮಾರಪ್ಪನ್ ಆಗಲೇ ಸಾರಿಬಿಟ್ಟಿದ್ದ. ಇವತ್ತು ಆಗದಿದ್ದರೆ ಇನ್ನಿಲ್ಲ.

ದೋಣಿಕಟ್ಟೆಯಲ್ಲಿ ಮೊದಲ ತಕರಾರು ಎದ್ದಿತು. ಇಂದುಜಾಳ ತಾಯಿ ಶಿವಗಾಮಿಗೆ ಬಸ್ಸು ಕಂಡರೇ ವಾಂತಿ ಬರುತ್ತದೆ, ದೋಣಿಯ ಮಾತು ಹಾಗಿರಲಿ. ಅವಳು ಮನೆಯಲ್ಲೇ ಉಳಿದಿದ್ದಳು. ಹಾಗಾಗಿ ಇವರು ಮೂವರು. ಒಳ್ಳೆಯ ಕೆಲಸಕ್ಕೆ ಮೂವರು ಹೋಗಬಾರದು. ಮುತ್ತಮ್ಮಾಳ್ ಅದಕ್ಕೂ ಸಿದ್ಧವಾಗಿಯೇ ಬಂದಿದ್ದಳು: ಚೀಲದಿಂದ ಜುಟ್ಟಿರುವ ತೆಂಗಿನಕಾಯಿಯೊಂದನ್ನು ತೆಗೆದು, ಅರಿಶಿನ ಹಚ್ಚಿ, ಬೆಂಚಿನ ತುದಿಯಲ್ಲಿ ಕೂರಿಸಿದಳು.

"ಇದು ನಾಲ್ಕನೇ ಆಳು," ಎಂದಳು.

ದೋಣಿ ನಡೆಸುವ ನವನೀತನ್ ಕಾಯಿಯನ್ನು ಒಮ್ಮೆ ನೋಡಿದ. ಅವನಿಗೆ ಇದೇನೂ ಹೊಸದಲ್ಲ. "ಆಳು ಅಂದ ಮೇಲೆ ಜಾಕೆಟ್ ಹಾಕಲೇಬೇಕು, ಪಾಟ್ಟಿ," ಎಂದು ಅಜ್ಜಿಗೆ ತಮಿಳಿನಲ್ಲಿ ಹೇಳಿ, ಮಕ್ಕಳ ಅಳತೆಯ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದು ತೆಂಗಿನಕಾಯಿಗೆ ತೊಡಿಸಿ, ಬಕಲ್ ಬಿಗಿದ.

ಗಂಡಿನ ಕಡೆಯವರೂ ಮೂವರೇ: ದಿವಾಕರ್, ಅವನ ತಾಯಿ ರುಕ್ಮಣಿ, ಮತ್ತು ಮಾರಪ್ಪನ್. ನಾಲ್ಕನೆಯದಾಗಿ ಮಾರಪ್ಪನ್ ಜೇಬಿನಲ್ಲಿ ಒಂದು ನಿಂಬೆಹಣ್ಣಿತ್ತು. ಅದು ಜೇಬಿನ ಒಳಗಿದ್ದುದರಿಂದ ಜಾಕೆಟ್ಟಿನಿಂದ ಪಾರಾಯಿತು.

ದೋಣಿಯ ಎರಡು ಪಕ್ಕಕ್ಕೂ ಉದ್ದಕ್ಕೆ ಒಂದೊಂದು ಬೆಂಚು, ಎದುರುಬದುರು. ಮೇಲೆ ಟಾರ್ಪಾಲು, ಒಂದು ಕಡೆ ಗಟ್ಟಿಯಾಗಿತ್ತು, ಇನ್ನೊಂದು ಕಡೆ ಹರಿದು ಬಿಸಿಲು ನೇರ ಕೆಳಗಿಳಿಯುತ್ತಿತ್ತು. ನಂಜುಂಡನ್ ಎಲ್ಲರಿಗಿಂತ ಮೊದಲು ಹತ್ತಿ, ಗಟ್ಟಿ ಟಾರ್ಪಾಲಿನ ಕೆಳಗೆ ಟವೆಲ್ ಹಾಸಿ, "ಕಣ್ಣು, ಇಲ್ಲಿ ಬಾ, ನೆರಳು," ಎಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅವನದು ಮೊದಲಿನಿಂದಲೂ ಅದೇ ಚಾಳಿ. ಬಸ್ಸಿರಲಿ, ಮದುವೆಯ ಚಪ್ಪರವಿರಲಿ, ದಿನವಿಡೀ ಬಿಸಿಲಲ್ಲಿ ಕೊಬ್ಬರಿ ಒಣಗಿಸುವ ಆ ಮನುಷ್ಯ ಮಗಳಿಗೆ ಮಾತ್ರ ನೆರಳು ಹುಡುಕಿಯೇ ಕೂರಿಸುವವನು. ಇಂದುಜಾ ಇಷ್ಟು ದಿನ ಅದನ್ನು ಗಮನಿಸಿಯೇ ಇರಲಿಲ್ಲ.

ದೋಣಿ ಹೊರಟಿತು. ಎದುರಿನ ಬಿಸಿಲಿನ ಬೆಂಚಿನಲ್ಲಿ ಕೂತ ದಿವಾಕರ್ ತನ್ನ ಪಾದಗಳನ್ನೇ ನೋಡುತ್ತಿದ್ದ. ಕಂಪನಿಯಲ್ಲಿ ವಿದೇಶದ ಗಿರಾಕಿಗಳ ಜೊತೆ ಅರಳು ಹುರಿದಂತೆ ಮಾತಾಡುವವನು ಸೋದರಮಾವನ ಎದುರು ಹಲ್ಲಿಗಿಂತಲೂ ಮೂಕ. ಇಂದುಜಾಳಿಗೆ ಅವನ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೇ ಬಂದವು.

ಮುತ್ತಮ್ಮಾಳ್ ಎಲ್ಲರಿಗೂ ಮುರುಕು ಹಂಚಿದಳು, ತನ್ನ ಜಾಕೆಟ್ಟಿಗೂ ಹೂ ಸಿಕ್ಕಿಸಿಕೊಂಡಳು, ನೀರಿಗೆ ಒಂದು ಮೊಳ ಮಲ್ಲಿಗೆ ಬಿಟ್ಟಳು. ಮಾರಪ್ಪನ್ ಉಡುಮಲೈ ಹುಡುಗಿಗೆ ಸ್ವಂತ ಬಾವಿ ಇದೆಯೆಂಬ ವಿಷಯವನ್ನು ಎರಡು ಸಲ ಎತ್ತಿದ. ಅಷ್ಟರಲ್ಲಿ ಮುಂದುಗಡೆ ನೀರು ಉಬ್ಬಿತು. ನಂಜುಂಡನ್‌ನ ಕೊಬ್ಬರಿ ಒಣಗಿಸುವ ಕಣದಷ್ಟು ಅಗಲದ ಕಪ್ಪು ಬೆನ್ನು ಮೇಲೆ ಬಂತು. ಭುಸ್ಸೆಂದು ನೀರು ಆಕಾಶಕ್ಕೆ ಎದ್ದು, ಎಲ್ಲರ ಮೇಲೂ ಬಿತ್ತು.

"ಬಲ!" ಎಂದು ಮಾರಪ್ಪನ್ ಬಲಗೈ ಎತ್ತಿದ. ಅವನ ಮುಖದಲ್ಲಿ ಸ್ವಲ್ಪ ನಿರಾಸೆಯೇ ಇತ್ತು. ಆದರೂ ಶಕುನದ ವಿಷಯದಲ್ಲಿ ಅವನು ಸುಳ್ಳಾಡುವವನಲ್ಲ.

"ಎಲ್ಲಿ ಬಲ? ಎಡ!" ಎಂದು ಮುತ್ತಮ್ಮಾಳ್ ಎಡಗೈ ಎತ್ತಿದಳು.

ಇಬ್ಬರ ಕೈಯೂ ಒಂದೇ ತಿಮಿಂಗಿಲವನ್ನು ತೋರಿಸುತ್ತಿತ್ತು. ಗುಡಿಯಲ್ಲಾದರೆ ಎಲ್ಲರೂ ದೇವರ ಕಡೆ ಮುಖ ಮಾಡಿ ಕೂರುತ್ತಾರೆ, ಎಲ್ಲರಿಗೂ ಒಂದೇ ಬಲ. ಇಲ್ಲಿ ಎದುರುಬದುರು ಕೂತವರಿಗೆ ಒಬ್ಬರ ಬಲ ಇನ್ನೊಬ್ಬರ ಎಡ. ಇಷ್ಟು ಸಣ್ಣ ವಿಷಯ ಎರಡೂ ಮನೆಯ ಹಿರಿಯರಿಗೆ ಈ ಕ್ಷಣದವರೆಗೆ ಹೊಳೆದಿರಲಿಲ್ಲ.

"ಗಂಡಿನ ಕಡೇದೇ ಲೆಕ್ಕ," ಎಂದ ಮಾರಪ್ಪನ್.

"ಬಾಳೋಳು ಯಾರು? ನನ್ ಮೊಮ್ಮಗಳು. ಹೆಣ್ಣಿಗೆ ಎಡ ಬಿದ್ಮೇಲೆ ನಾನ್ ಹೆಂಗೆ ಕೊಡಲಿ?" ಎಂದಳು ಮುತ್ತಮ್ಮಾಳ್.

ನವನೀತನ್ ಸಹಾಯ ಮಾಡಲು ಹೋಗಿ ದೋಣಿಯನ್ನು ಪೂರ್ತಿ ತಿರುಗಿಸಿದ. ಈಗ ತಿಮಿಂಗಿಲ ಹಿಂದುಗಡೆ ಆಯಿತು. ಅದು ಪಾಪ, ಇನ್ನೊಮ್ಮೆ ಉಸಿರು ಬಿಟ್ಟಿತು.

"ಬಲ!" ಎಂದಳು ಮುತ್ತಮ್ಮಾಳ್, ಮುಖವರಳಿಸಿ.

"ಎಡ," ಎಂದ ಮಾರಪ್ಪನ್. ನಿಂಬೆಹಣ್ಣನ್ನು ಜೇಬಿನಿಂದ ತೆಗೆದು ನೋಡಿ, ಮತ್ತೆ ಒಳಗಿಟ್ಟ.

ಮಾತು ಬೆಳೆಯಿತು. ತಿಮಿಂಗಿಲದ ಬಲವನ್ನೇ ಹಿಡಿಯೋಣವೆಂದು ನಂಜುಂಡನ್ ಮೆಲ್ಲಗೆ ಸೂಚಿಸಿದ. ಅದರ ಮುಖ ಯಾವ ಕಡೆಗಿದೆಯೆಂದು ಯಾರಿಗೂ ಗೊತ್ತಾಗಲಿಲ್ಲ. ದಡದಲ್ಲಿ ಮುಂದಿನ ಸರದಿಯ ಕುಟುಂಬ ರೇಷ್ಮೆಯುಟ್ಟು, ತಾಂಬೂಲದ ತಟ್ಟೆ ಹಿಡಿದು ಕಾಯುತ್ತಿತ್ತು. ಇನ್ನೊಂದೇ ಸಲ ನೋಡಿ ಹೊರಡೋಣವೆಂದು ನವನೀತನ್ ಇಂಜಿನ್ ನಿಲ್ಲಿಸಿದ. ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ತೆಂಗಿನಕಾಯಿಯೂ ಗಂಭೀರವಾಗಿತ್ತು.

ತಿಮಿಂಗಿಲ ದೋಣಿಯ ಕೆಳಗಿಂದ ಹಾದುಬಂದು ಮತ್ತೆ ಮುಂದುಗಡೆಯೇ ಎದ್ದಿತು.

"ಎಡ," ಎಂದಳು ಮುತ್ತಮ್ಮಾಳ್. ಈ ಸಲ ಅವಳ ದನಿಯಲ್ಲಿ ಜಗಳವಿರಲಿಲ್ಲ, ಸುಸ್ತಿತ್ತು. "ಬುಡು ಕಣ್ಣು. ನಮಗೆ ಇದು ಬರ್ದಿಲ್ಲ. ಎದ್ದು ಓಗಣ."

ಇಂದುಜಾ ದಿವಾಕರನನ್ನು ನೋಡಿದಳು. ಅವನು ತಲೆಯೆತ್ತಿದ್ದ. ಕಣ್ಣು ತುಂಬಿದ್ದವು, ಬಾಯಿ ಮಾತ್ರ ತೆರೆಯಲಿಲ್ಲ. ಇವನ ಬಾಯಿಗೆ ಕಾದು ಕೂತರೆ ತಾನು ಮುದುಕಿಯಾಗುತ್ತೇನೆ ಎನ್ನಿಸಿತು ಅವಳಿಗೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಅಪ್ಪನ ಪಕ್ಕದಿಂದ ಎದ್ದು, ದೋಣಿಯ ನಡುವೆ ನಾಲ್ಕು ಹೆಜ್ಜೆ ಹಾಕಿ, ಎದುರಿನ ಬೆಂಚಿನಲ್ಲಿ ದಿವಾಕರನ ಪಕ್ಕ ಕೂತುಬಿಟ್ಟಳು.

"ಈಗ ನಂಗೂ ಬಲಕ್ಕೇ, ಅಜ್ಜಿ," ಎಂದಳು.

ಯಾರೂ ಮಾತಾಡುವ ಮೊದಲು ದೋಣಿ ಆ ಕಡೆಗೆ ವಾಲಿತು. "ಬ್ಯಾಲೆನ್ಸ್! ಅಲ್ಲಿಂದ ಒಬ್ಬರು ಈ ಕಡೆ ಬನ್ನಿ!" ಎಂದು ನವನೀತನ್ ಕಿರುಚಿದ. ಹೇಳಿದ ಮಾತು ಕೇಳುವ ಒಳ್ಳೆಯ ಹುಡುಗ ದಿವಾಕರ್ ತಕ್ಷಣ ಎದ್ದುನಿಂತ. ಇಂದುಜಾ ಅವನ ಜಾಕೆಟ್ಟಿನ ಪಟ್ಟಿ ಹಿಡಿದು ಜಗ್ಗಿ ಕೂರಿಸಿದಳು. ಎದ್ದವಳು ರುಕ್ಮಣಿ. ಇಷ್ಟು ಹೊತ್ತು ಒಂದು ಮಾತೂ ಆಡದ ಆಕೆ ತಟ್ಟಾಡುತ್ತ ದಾಟಿಹೋಗಿ ಮುತ್ತಮ್ಮಾಳ್ ಪಕ್ಕ ಕೂತಳು.

"ಅಕ್ಕಾ, ನಿನಗೀಗ ಎಡ ಆಯ್ತಲ್ಲಾ!" ಎಂದು ಮಾರಪ್ಪನ್ ಗಾಬರಿಯಾದ.

"ಆಗ್ಲಿ ಬುಡು ಮಾರಪ್ಪಾ. ನಾನೇನು ಈಗ ಮದ್ವೆ ಆಗ್ಬೇಕಾ?"

ಮುತ್ತಮ್ಮಾಳ್ ಮೊಮ್ಮಗಳನ್ನು ನೋಡಿದಳು, ತಿಮಿಂಗಿಲವನ್ನು ನೋಡಿದಳು, ಎಡಗೈಯಲ್ಲೊಮ್ಮೆ ಬಲಗೈಯಲ್ಲೊಮ್ಮೆ ಅಳೆದು ನೋಡಿದಳು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಆಮೇಲೆ ಬಾಯಲ್ಲಿದ್ದ ಎರಡು ಹಲ್ಲು ಕಾಣುವಂತೆ ನಕ್ಕಳು.

"ಹೆಣ್ಣಿಗೂ ಬಲ, ಗಂಡಿಗೂ ಬಲ. ನಂಜುಂಡಾ, ಕಾಯಿ ಕೊಡು."

ಹೆಣ್ಣಿನ ತಂದೆಯ ಕೈಯಿಂದ ಗಂಡಿನ ಕಡೆಗೆ ತೆಂಗಿನಕಾಯಿ ದಾಟಿದರೆ ಅವರಲ್ಲಿ ಮಾತು ಮುಗಿದಂತೆ. ಆಮೇಲೆ ದೇವರೇ ಬಂದರೂ ಬದಲಾಗದು. ನಂಜುಂಡನ್ ಕಾಯಿಯ ಜಾಕೆಟ್ ಬಿಚ್ಚಲು ಹೊರಟ. ದಡ ಮುಟ್ಟುವ ತನಕ ಯಾರೂ ಜಾಕೆಟ್ ತೆಗೆಯಬಾರದೆಂದು ನವನೀತನ್ ಗದರಿಸಿದ. ಹಾಗಾಗಿ ಜಾಕೆಟ್ ಸಮೇತವೇ ಅದು ಮಾರಪ್ಪನ್ ಮಡಿಲಿಗೆ ಹೋಯಿತು. ಅವನು ಯಾರದೋ ಮಗುವನ್ನು ಎತ್ತಿಕೊಂಡವನಂತೆ ಅದನ್ನು ಹಿಡಿದು ಕೂತ. ಉಡುಮಲೈಯ ಬಾವಿಯ ಮಾತು ಆಮೇಲೆ ಬರಲಿಲ್ಲ. ಮುಂದುಗಡೆ ತಿಮಿಂಗಿಲ ಮತ್ತೊಮ್ಮೆ ಉಸಿರು ಬಿಟ್ಟಿತು. ಯಾರೂ ತಿರುಗಿ ನೋಡಲಿಲ್ಲ.

ದೋಣಿ ದಡದ ಕಡೆ ತಿರುಗಿತು. ಆಗ ಇಂದುಜಾ ಅಪ್ಪನನ್ನು ಎದುರಿನಿಂದ ನೋಡಿದಳು. ಇಷ್ಟು ವರ್ಷ ಅವನ ಪಕ್ಕದಲ್ಲೋ, ಮೊಪೆಡ್ಡಿನ ಹಿಂದೆಯೋ ಕೂತು ಬಂದವಳಿಗೆ ಅವನ ಮುಖ ಇಷ್ಟು ಹೊತ್ತು ಹೀಗೆ ಕಂಡದ್ದೇ ಇಲ್ಲ. ಅವನ ಹುಬ್ಬುಗಳು ಬೆಳ್ಳಗಾಗಿದ್ದವು. ಪಕ್ಕದಲ್ಲಿ ಹಾಸಿದ ಟವೆಲ್ ಖಾಲಿಯಿತ್ತು, ಅವನ ಒಂದು ಕೈ ಇನ್ನೂ ಅದರ ಮೇಲೇ ಇತ್ತು. ಅವನು ಅವಳನ್ನು ನೋಡಲಿಲ್ಲ. ಅವಳ ತಲೆಯ ಮೇಲಿನ ಹರಿದ ಟಾರ್ಪಾಲನ್ನು ನೋಡುತ್ತಿದ್ದ.

"ಕಣ್ಣು, ಅಲ್ಲಿ ಬಿಸಿಲು ಬೀಳ್ತದಾ?" ಎಂದು ಕೇಳಿದ.

ಬಿಸಿಲು ನೇರ ಅವಳ ಮುಖದ ಮೇಲಿತ್ತು. ಕಣ್ಣು ಬಿಡಲೂ ಆಗುತ್ತಿರಲಿಲ್ಲ.

"ಇಲ್ಲಪ್ಪಾ," ಎಂದಳು ಇಂದುಜಾ. "ಇಲ್ಲೂ ನೆರಳೇ."