ಕೇಶರಬಾಯಿಯ ಅರ್ಧ ತಾಸು

ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕ ಕೇಶರಬಾಯಿಯ ಶವದ ಎಡಗೈಯಿಂದ ನಾಗನಾಥ ಗಡಿಯಾರ ಬಿಚ್ಚುತ್ತಿದ್ದ. ಡಯಲ್ಲು ಮಣಿಕಟ್ಟಿನ ಒಳಬದಿಗಿತ್ತು. ರೋಗಿಯ ನಾಡಿ ಹಿಡಿದಾಗ ಕಾಣಲೆಂದು ಕೇಶರಬಾಯಿ ಸಿಸ್ಟರ್ ಯಾವಾಗಲೂ ಹಾಗೇ ಕಟ್ಟಿಕೊಳ್ಳುತ್ತಿದ್ದಳು.

“ಇರಲಿ ಬಿಡ್ಲೇನ, ರೂಪಾಲಿ?”

“ತೆಗೀರಿ ಮಾಮಾ,” ಎಂದಳು ಮಗಳು. “ಅದನ್ನ ನೋಡಕೋತ ಕುಂತು ಅಪ್ಪನ ಕಡೀ ಮಾತೂ ಕೇಳಲಿಲ್ಲ ಆಕಿ.”

“ಇವತ್ತರೆ ಅದನ್ನ ಬಿಡವ್ವಾ.”

ರೂಪಾಲಿ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

*

ಹದಿನೇಳು ವರ್ಷಗಳ ಹಿಂದೆ, ಹುಮನಾಬಾದಿನ ಆಸ್ಪತ್ರೆಯ ಆಪರೇಷನ್ ಕೋಣೆಯ ಬಾಗಿಲಿಗೆ ಹನ್ನೆರಡರ ರೂಪಾಲಿ ಏದುಸಿರು ಬಿಡುತ್ತ ಬಂದಿದ್ದಳು. ಅಪ್ಪ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು.

“ಅವ್ವಾ, ಅಪ್ಪ ನಿನ್ನ ಕರ್ಯಾಕತ್ತಾನ. ಲಗೂ ಬಾ.”

ಕೇಶರಬಾಯಿ ಬಸುರಿಯೊಬ್ಬಳಿಗೆ ಆಗಷ್ಟೇ ಇಂಜೆಕ್ಷನ್ ಕೊಟ್ಟಿದ್ದಳು. ಗಾಯ ಕೀವಾಗದಿರಬೇಕಾದರೆ ಕೊಯ್ಯುವ ಮೊದಲೇ ಆ ಔಷಧ ರಕ್ತದಲ್ಲಿ ಹರಡಿರಬೇಕು; ಅದಕ್ಕೆ ಅರ್ಧ ತಾಸು ಬೇಕು. ಅಷ್ಟರಲ್ಲಿ ಅದು ಮೈಗೆ ಒಗ್ಗದೆ ಉಸಿರು ಕಟ್ಟಲೂಬಹುದು. ಪಕ್ಕದಲ್ಲಿ ಒಬ್ಬರಿರಲೇಬೇಕು. ಇನ್ನೊಬ್ಬ ಸಿಸ್ಟರ್ ರಜೆಯಲ್ಲಿದ್ದಳು.

“ಅರ್ಧ ತಾಸು ತಡಿಯವ್ವಾ,” ಎಂದಳು.

ಬಾಗಿಲು ಮುಚ್ಚಿತು. ಒಳಗಿನಿಂದ ಡಾಕ್ಟರ ದನಿ ಕೇಳಿತು: “ಶುರು ಮಾಡೂನೇನ್ರಿ ಸಿಸ್ಟರ್?”

“ಇನ್ನಾ ಟೈಮ್ ಆಗಿಲ್ರಿ, ಸರ್.”

ಕೂಸು ಅತ್ತ ಮೇಲೆ ಅವ್ವ ಮನೆಗೆ ಓಡಿದಳು. ಅಪ್ಪ ಕಾದಿರಲಿಲ್ಲ.

*

ಅವ್ವನ ಮಣ್ಣಿಗೆ ರುದ್ರಭೂಮಿಯಲ್ಲಿ ಜನ ಪತ್ರಿ ಹಿಡಿದು ಸಾಲುಗಟ್ಟಿದ್ದರು. ಮುಂದಿದ್ದ ಹೆಂಗಸನ್ನು ರೂಪಾಲಿ ಗುರುತಿಸಲಿಲ್ಲ.

“ನಾ ಕರೀಮಾ ಅಂತ್ರಿ, ಕಲ್ಯಾಣದಾಕಿ. ಈಕಿ ನನ್ನ ಮಗಳು ಸೈಮಾ, ಸಿಸ್ಟರ್ ಕೈಯಾಗ ಹುಟ್ಟಿದಾಕಿ.”

“ಭಾಳ ತ್ರಾಸ ಆಗಿತ್ತೇನ್ರಿ?”

“ಎಲ್ಲೀದ್ರಿ! ಏನೂ ಆಗಲಿಲ್ಲ. ಹೊಲಿಗಿ ಒಣಗಿತು, ಮನಿಗೆ ಹೋದೆ.” ಕರೀಮಾ ದನಿ ತಗ್ಗಿಸಿದಳು. “ಆದ್ರ ಅವತ್ತ ಸಿಸ್ಟರ್ ನನ್ನ ನಾಡಿ ಹಿಡಕೊಂಡು, ಗಡಿಯಾರ ನೋಡಕೋತ ಅಳಾಕತ್ತಿದ್ರು. ಯಾಕ್ರಿ ಅಂದೆ. ಸುಮ್ನ ಮಲಕೋ ಅಂದ್ರು. ಕೈ ಮಾತ್ರ ಬಿಡಲಿಲ್ಲ.”

ರೂಪಾಲಿ ಸೈಮಾಳ ಕಡೆ ತಿರುಗಿದಳು. “ನಿನಗ ವಯಸ್ಸೆಷ್ಟು?”

“ಹದಿನೇಳ್ರಿ, ಅಕ್ಕಾ.”

ರೂಪಾಲಿ ಮುಷ್ಟಿ ಬಿಚ್ಚಿ ಗಡಿಯಾರ ನೋಡಿದಳು. ಆಮೇಲೆ ಹಿಂದಿದ್ದ ಮುದುಕನನ್ನು ಕೇಳಿದಳು, “ಕಾಕಾ, ನೀವು?”

“ಮನ್ನಾಏಖೇಳ್ಳಿ ಪಂಡರಿ. ಹರ್ನಿಯಾ ಆಪರೇಷನ್. ನನಗೂ ಏನೂ ಆಗಲಿಲ್ಲವ್ವಾ,” ಎಂದ ಅವನು, ತಪ್ಪು ಮಾಡಿದವನಂತೆ.

ಅವನ ಹಿಂದೆ ಚಿಟಗುಪ್ಪದವರು, ಅವರ ಹಿಂದೆ ಇನ್ನಾರೋ. ಸಾಲು ಗೇಟು ದಾಟಿ ರಸ್ತೆಯವರೆಗೆ ಹೋಗಿತ್ತು. ಅವರೆಲ್ಲ ಏನೂ ಆಗದವರು.

ಸಮಾಧಿಯ ಕುಣಿಯಲ್ಲಿ ಕುಳಿತಿದ್ದ ಅವ್ವನ ಎಡ ಅಂಗೈಯಲ್ಲಿ ಇಷ್ಟಲಿಂಗವಿತ್ತು. ರೂಪಾಲಿ ಕುಣಿಗಿಳಿದು ಅದರ ಕೆಳಗೆ ಮಣಿಕಟ್ಟಿಗೆ, ಡಯಲ್ಲು ಒಳಗೆ ಬರುವಂತೆ, ಗಡಿಯಾರ ಕಟ್ಟಿದಳು. ಬಾಗಿದ ಆ ಮುಖ ಎರಡನ್ನೂ ನೋಡುತ್ತಿದ್ದಂತಿತ್ತು.

ನಾಗನಾಥ ಮೇಲೆ ಮಣ್ಣು ಹಿಡಿದು ನಿಂತಿದ್ದ. “ಶುರು ಮಾಡೂನೇನವ್ವಾ?”

“ಅರ್ಧ ತಾಸು ತಡೀರಿ, ಮಾಮಾ.”

ಸೆಕೆಂಡಿನ ಮುಳ್ಳು ಸುತ್ತುತ್ತಿತ್ತು. ರಸ್ತೆಯವರೆಗಿನ ಸಾಲಿನಲ್ಲಿ ಒಬ್ಬರೂ ಅಲುಗಲಿಲ್ಲ.