ತಾಳೆ ನೋಡುವುದು

"ಡಿಸ್ಕ್ ಗುಂಡುಕಲ್ಲಿನ ಹಾಗಿದೆ ಅಕ್ಕಾ. ಮದರ್‌ಬೋರ್ಡ್ ಸತ್ತಿತ್ತು, ಬದಲಾಯಿಸಿದೀನಿ," ಎಂದು ರಿಪೇರಿಯವನು ಮಾನಿಟರನ್ನು ಅವಳ ಕಡೆ ತಿರುಗಿಸಿದ. ಅವಳ ಮುಖ ಅರಳುವಷ್ಟರಲ್ಲಿ, "ಆದ್ರೆ ಬೀಗ ಹಾಕ್ಕೊಂಡು ಕೂತಿದೆ," ಎಂದ.

ನೀಲಿ ತೆರೆಯ ಮೇಲೆ ಒಂದು ಖಾಲಿ ಜಾಗ ಮಿನುಗುತ್ತಿತ್ತು. ಡಿಸ್ಕ್ ಹಳೆಯ ಬೋರ್ಡನ್ನಷ್ಟೇ ಬಲ್ಲುದು. ಹೊಸದನ್ನು ಕಂಡು ಕಳ್ಳನೆಂದುಕೊಂಡಿದೆ. ಉದ್ದನೆಯದೊಂದು ಸಂಖ್ಯೆ ಕೊಟ್ಟರೆ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಬೇಕು.

"ಇದನ್ನ ಮೊದಲು ಸಿದ್ಧ ಮಾಡಿಕೊಟ್ಟವರ ಖಾತೆಯಲ್ಲಿ ಆ ನಂಬರ್ ಇರತ್ತೆ. ಯಾರು ಮಾಡಿದ್ದು?"

"ತಂಗಿ."

"ಹಾಗಾದ್ರೆ ಒಂದು ಫೋನ್ ಮಾಡಿ, ಮುಗೀತು."

ಅವನಿಗೇನು ಗೊತ್ತು. ಅಮ್ಮ ತೀರಿಕೊಂಡ ವಾರವೇ, "ನೀನು ಅಮ್ಮನ್ನ ನೋಡ್ಕೊಳ್ಳಲಿಲ್ಲ, ಕಾವಲು ಕಾದೆ. ನನ್ನನ್ನೂ ಹತ್ರ ಬಿಡಲಿಲ್ಲ," ಎಂದಿದ್ದಳು ತಂಗಿ. "ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ," ಎಂದಿದ್ದಳು ಇವಳು. ಹುಟ್ಟಿದಾರಭ್ಯ ಅಕ್ಕನ ಒಂದು ಮಾತನ್ನೂ ಕೇಳದ ತಂಗಿ ಅದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದಳು.

ಅವಳದು ಅಚ್ಚಿನ ಕರಡು ತಿದ್ದುವ ಕೆಲಸ. ಕಂಡವರ ತಪ್ಪಿಗೆಲ್ಲ ಭೂತಗನ್ನಡಿ ಹಿಡಿಯುವವಳು ರೆಕಾರ್ಡ್ ಮಾಡಿಕೊಂಡ ಅಮ್ಮನ ದನಿಯನ್ನು ಮಾತ್ರ ಈ ಕಂಪ್ಯೂಟರೊಂದರಲ್ಲೇ ಇಟ್ಟಿದ್ದಳು, ಬೇರೆ ಪ್ರತಿ ಇಲ್ಲ. ದೀಪದ ಬುಡದಲ್ಲೇ ಕತ್ತಲು. ಹಾಸಿಗೆ ಹಿಡಿದ ಮೇಲೆ ಅಮ್ಮ ಬೈದದ್ದು, ಹಾಡಿದ್ದು, ಸತ್ತವರ ಜೊತೆ ಜಗಳ ಕಾದದ್ದು ಎಲ್ಲ ಅದರಲ್ಲಿತ್ತು. ದಿನವೂ ಅದನ್ನು ಹಾಕಿಕೊಂಡೇ ಅವಳು ಊಟಕ್ಕೆ ಕೂರುತ್ತಿದ್ದುದು. ಕಂಪ್ಯೂಟರ್ ಕೆಟ್ಟ ಮೇಲೆ ಮನೆಯಲ್ಲಿ ತಟ್ಟೆಯ ಸದ್ದೊಂದೇ. ತಾನು ಇಷ್ಟು ಒಂಟಿಯೆಂದು ಅವಳಿಗೇ ತಿಳಿದಿರಲಿಲ್ಲ, ತಿಳಿದು ಹೆದರಿಕೆಯಾಗಿತ್ತು.

ಫೋನ್ ಎತ್ತಿದ ತಂಗಿ "ಹೂಂ" ಎಂದಳು, ಅಷ್ಟೇ. ಇವಳು ವಿಷಯ ಹೇಳಿದಳು.

"ಅಮ್ಮನ ದನಿ ನಿನ್ನ ಹತ್ರ ಇತ್ತಾ?" ತಂಗಿ ಕೇಳಿದಳು. "ನಂಗೆ ಹೇಳಲೇ ಇಲ್ಲ."

"ನೀನು ಕೇಳಲಿಲ್ಲ."

"ಕೇಳೋಕೆ ಮೆಟ್ಟಿಲು ಹತ್ತಬೇಕಿತ್ತಲ್ಲ."

ಆಚೆ ಟಕಟಕ ಸದ್ದಾಯಿತು. "ಸಿಕ್ತು. ಮೆಸೇಜ್ ಕಳಿಸ್ಲಾ?"

"ಬೇಡ. ಓದು."

ತಂಗಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಇಬ್ಬರೂ ಹೀಗೇ ಕೂರುತ್ತಿದ್ದರು. ತಂಗಿ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಕ್ಕ ಕರಡಿನ ಮೇಲೆ ಪೆನ್ಸಿಲು ಓಡಿಸುತ್ತ ತಾಳೆ ನೋಡಬೇಕು. ಕಾಮಾ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳುವುದು ಆ ಕೆಲಸದ ಕ್ರಮ.

ತಂಗಿ ಓದತೊಡಗಿದಳು, ಅಕ್ಕ ಒಂದೊಂದೇ ಅಂಕಿ ಒತ್ತುತ್ತ ಹೋದಳು. "ನಾಲ್ಕು, ಸೊನ್ನೆ, ಏಳು. ಕಾಮಾ." ಅಂಕಿಗಳ ಪ್ರತಿ ಗುಂಪಿನ ಕೊನೆಗೂ ಕಾಮಾ. ಯಾರೂ ಕೇಳಿರಲಿಲ್ಲ, ನಾಲಿಗೆ ತಾನಾಗಿಯೇ ಹೇಳುತ್ತಿತ್ತು. ಕೊನೆಗೆ, "ಎಂಟು. ಪೂರ್ಣವಿರಾಮ," ಎಂದಳು.

ನೀಲಿ ತೆರೆ ಸರಿಯಿತು. ಹಳೆಯ ಕಡತಗಳೆಲ್ಲ ಸಾಲಾಗಿ ಬಂದು ನಿಂತವು, ನಡುವೆ 'ಅಮ್ಮ' ಎಂಬುದೂ ಇತ್ತು. ರಿಪೇರಿಯವನು ಹೆಬ್ಬೆರಳೆತ್ತಿ ನಕ್ಕ.

"ತೆರೀತಾ?" ಎಂದಳು ತಂಗಿ.

ಹೌದೆಂದರೆ ಫೋನ್ ಇಟ್ಟುಬಿಡುತ್ತಾಳೆ. ಜನ್ಮದಲ್ಲಿ ಒಂದು ಅಕ್ಷರ ತಪ್ಪಿದ್ದನ್ನೂ ಸಹಿಸದ ಹೆಂಗಸು, ತೆರೆಯನ್ನು ನೋಡುತ್ತಲೇ, "ಇಲ್ಲ ಕಣೇ. ಎಲ್ಲೋ ತಪ್ಪು ಒತ್ತಿದೀನಿ. ಮೊದಲಿಂದ ಓದು," ಎಂದಳು.

ರಿಪೇರಿಯವನು ಏನೋ ಹೇಳಲು ಬಾಯಿ ತೆರೆದವನು, ಮುಚ್ಚಿಕೊಂಡು ಸ್ಕ್ರೂಗಳನ್ನು ಡಬ್ಬಿಗೆ ತುಂಬತೊಡಗಿದ. ಆಚೆ ತಂಗಿ ಗಂಟಲು ಸರಿಮಾಡಿಕೊಂಡು ಮೊದಲ ಅಂಕಿಯಿಂದ ಶುರು ಮಾಡಿದಳು, ಈ ಸಲ ನಿಧಾನವಾಗಿ. ಅಕ್ಕ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ಕಾಮಾ ಬಂದಾಗಲೆಲ್ಲ "ಹೂಂ" ಎನ್ನುತ್ತ ಕುಳಿತಳು.