ಸ್ಕ್ರೂ ಮೇಲಿನ ಕುಂಕುಮ

ನನ್ನ ದಾದಿ, ಅಂದರೆ ಅಪ್ಪನ ತಾಯಿ, ದಸ್ತಗೀರಬಿಯ ಕಥೆಗಳಲ್ಲಿ ನೀರು ಎಂದೂ ಸುಮ್ಮನೆ ಹರಿಯುತ್ತಿರಲಿಲ್ಲ. ಅದಕ್ಕೆ ಕಿವಿಯಿತ್ತು, ಸಿಟ್ಟಿತ್ತು, ಒಮ್ಮೊಮ್ಮೆ ಹಸಿವೂ ಇರುತ್ತಿತ್ತು. ಹಾಗಾಗಿ, ಕಂಪ್ಯೂಟರಿನ ಹೊಟ್ಟೆಯೊಳಗೆ ನೀರು ತಿರುಗುವಂತೆ ಮಾಡೋಣ ಎಂದು ಭಾಗ್ಯಾ ಹೇಳಿದಾಗ ನನಗೆ ವಿಚಿತ್ರವೆನಿಸಲಿಲ್ಲ. ಅದಕ್ಕೊಂದು ಹೆಸರಿಡಬೇಕೇನೋ ಎಂದಷ್ಟೇ ಯೋಚಿಸಿದೆ.

ಗುಡೂರಿನ ಭಾಗ್ಯಾ ಹುನಗುಂದದ ಕಾಲೇಜಿನಲ್ಲಿ ನನ್ನ ಬೆಂಚಿನವಳು. ದಾದಿಯಂತೆ ಅವಳೂ ನನ್ನನ್ನು ತಬ್ಬು ಎಂದೇ ಕರೆಯುತ್ತಿದ್ದಳು. ಓದು ಮುಗಿದ ಮೇಲೆ ಇಬ್ಬರೂ ಸೇರಿ ಇಳಕಲ್ಲಿನಲ್ಲಿ ನೂಲಿನ ಅಂಗಡಿಯ ಮೇಲೊಂದು ಕೋಣೆ ಹಿಡಿದೆವು. ನೇಕಾರರಿಗೆ ಸೆರಗಿನ, ದಡಿಯ ನಮೂನೆ ಬಿಡಿಸಿಕೊಡುವುದು ನಮ್ಮ ಕೆಲಸ. ಉಳಿದ ಹೊತ್ತಿನಲ್ಲಿ ದಾದಿಯ ಒಂದು ಕಥೆಯನ್ನು ಚಿತ್ರಗಳು ಓಡಾಡುವ ಸಿನಿಮಾ ಮಾಡಬೇಕೆಂಬುದು ನನ್ನ ಹುಚ್ಚು. ಕೋಣೆಯ ಎಡಕ್ಕೂ ಬಲಕ್ಕೂ ಮಗ್ಗಗಳು. ಗಾಳಿಯಲ್ಲೆಲ್ಲ ನೂಲಿನ ಧೂಳು. ಮೊದಲಿದ್ದ ಕಂಪ್ಯೂಟರಿನ ಫ್ಯಾನು ತಿಂಗಳೊಪ್ಪತ್ತಿನಲ್ಲಿ ಅರಳೆ ತುಂಬಿ ನಿಂತುಬಿಡುತ್ತಿತ್ತು. ಅದಕ್ಕೇ ಭಾಗ್ಯಾ ಎರಡೂವರೆ ವರ್ಷದ ಹಿಂದೆ ಬಿಡಿಭಾಗ ತರಿಸಿ ತಾನೇ ಒಂದು ಕಂಪ್ಯೂಟರು ಕಟ್ಟಿದಳು. ಅದರ ಮಿದುಳಿನ ಮೇಲೆ ಬ್ಲಾಕ್ ಎಂಬ ತಾಮ್ರದ ಪುಟ್ಟ ಡಬ್ಬಿ. ಪಂಪು ನೀರನ್ನು ಅದರೊಳಗೆ ನೂಕುತ್ತದೆ, ನೀರು ಅಲ್ಲಿಯ ಕಾವು ಹೊತ್ತುಕೊಂಡು ಗಾಳಿಯಾಡುವ ಲೋಹದ ಜಾಳಿಗೆಗೆ ಹೋಗಿ ತಣ್ಣಗಾಗಿ ಮತ್ತೆ ಬರುತ್ತದೆ.

ಆ ವರ್ಷದ ಮಹಾನವಮಿಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆಯ ದಿನ ಭಾಗ್ಯಾ ಗಾಜಿನ ಬಾಗಿಲು ತೆಗೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಬ್ಲಾಕಿನ ನಾಲ್ಕೂ ಮೂಲೆಗೆ ಹಚ್ಚಿದಳು. ಮರುವರ್ಷ, ಒಳಗೆಲ್ಲ ಎಣ್ಣೆ ಬೇಡವೆಂದು ಗಾಜಿನ ಹೊರಗಷ್ಟೇ ಹಚ್ಚಿದಳು. ಮೂರನೆಯ ವರ್ಷ ಪೂಜೆಗೆ ಅವಳು ಬರಲಿಲ್ಲ. ಮೊದಲೆರಡರ ಫೋಟೋ ನನ್ನ ಮೊಬೈಲಿನಲ್ಲಿವೆ.

ಆರು ತಿಂಗಳಿಗೊಮ್ಮೆ ನೀರು ಬದಲಿಸಿ, ಬ್ಲಾಕ್ ಬಿಚ್ಚಿ ತೊಳೆಯಬೇಕು. ಆ ಕೆಲಸ ಭಾಗ್ಯಾಳದು. ಆ ದಿನ ನಾನು ಕೋಣೆಯಲ್ಲಿ ಇರಬಾರದೆಂದು ಅವಳ ಕಟ್ಟಪ್ಪಣೆ. ನೀರು, ಕರೆಂಟು ಕೂಡುವ ಜಾಗದಲ್ಲಿ ಕನಸು ಕಾಣುವವರು ಕಾಲಿಡಬಾರದು ಎಂದು ನಗುತ್ತಿದ್ದಳು. ನಾನೂ ನಗುತ್ತ ಬೇವೂರಿಗೆ ದಾದಿಯ ಮನೆಗೆ ಹೋಗಿಬಿಡುತ್ತಿದ್ದೆ. ಹೋದ ವರ್ಷ ಬಾಗಲಕೋಟೆಯ ಒಂದು ಸ್ಟುಡಿಯೋ ಸೇರಿದ ಮೇಲೂ ಅವಳು ಈ ಕೆಲಸಕ್ಕೆ ತಪ್ಪದೆ ಬಂದಳು. ಅಷ್ಟರಲ್ಲಿ ದಾದಿ ತೀರಿಕೊಂಡಿದ್ದಳು. ಆದರೂ ನಾನು ರೂಢಿಯಂತೆ ಬೇವೂರಿಗೆ ಹೋಗಿ ಅವಳ ಕಟ್ಟೆಯ ಮೇಲೆ ಕೂತು ಬರುತ್ತಿದ್ದೆ. ಕಂಪ್ಯೂಟರಿನ ಬಾಗಿಲ ಒಳಬದಿಗೆ ಭಾಗ್ಯಾ ಅಂಟಿಸಿದ ಹಾಳೆಯಲ್ಲಿ ನಾಲ್ಕು ತಾರೀಖುಗಳಿದ್ದವು. ನಾಲ್ಕರ ಮುಂದೆಯೂ ಅವಳದೇ ದುಂಡನೆಯ ಅಕ್ಷರ: ‘ಬ್ಲಾಕ್ ಬಿಚ್ಚಿ ತೊಳೆದದ್ದು.’

ಈ ಮೇ ತಿಂಗಳಲ್ಲಿ ನನ್ನ ಸಿನಿಮಾ ಮುಗಿಯುತ್ತ ಬಂದಿತ್ತು. ಮಕ್ಕಳ ಚಿತ್ರೋತ್ಸವಕ್ಕೆ ಕಳಿಸಲು ಆರು ದಿನ ಉಳಿದಿದ್ದವು. ಕಥೆ, ಕುದಿಯುವ ಬಾವಿಯದು. ಊರಿನವರ ಸುಳ್ಳು ಕೇಳಿ ಕೇಳಿ ಬಾವಿಯ ನೀರು ಕುದಿಯತೊಡಗುತ್ತದೆ. ಹೊಸ ಸೊಸೆಯೊಬ್ಬಳು ದಿನಾ ಸಂಜೆ ದಂಡೆಯ ಮೇಲೆ ಕೂತು ಅದಕ್ಕೆ ಕಥೆ ಹೇಳುತ್ತಾಳೆ, ಬಾವಿ ಒಳಗಿನಿಂದ ಹೂಂಗುಟ್ಟುತ್ತ ಹೂಂಗುಟ್ಟುತ್ತ ತಣ್ಣಗಾಗುತ್ತದೆ. ದಾದಿ ಅದನ್ನು ಹೇಳಿದ್ದು ಒಂದೇ ಒಂದು ಸಲ. ಆ ಸಂಜೆ ಭಾಗ್ಯಾಳೂ ನನ್ನ ಜೊತೆಗಿದ್ದಳು. ಮೊಬೈಲಿನಲ್ಲಿ ಹಿಡಿದಿಟ್ಟ ಆ ದನಿ ನನ್ನ ಕಂಪ್ಯೂಟರಿನಲ್ಲಿತ್ತು.

ಅಂಥ ಹೊತ್ತಿನಲ್ಲಿ ಕಂಪ್ಯೂಟರು ಕಾಯತೊಡಗಿತು. ತೊಂಬತ್ತೈದು ಡಿಗ್ರಿ ತೋರಿಸಿ ತಾನೇ ಆರಿಹೋಗುತ್ತಿತ್ತು. ಭಾಗ್ಯಾಳಿಗೆ ಮೆಸೇಜು ಹಾಕಿದೆ. ‘ನೀ ಮುಟ್ಟಬ್ಯಾಡ. ಮುಂದಿನ ವಾರ ನಾನ ಬರ್ತೇನಿ’ ಎಂದು ಉತ್ತರ ಬಂತು. ಮುಂದಿನ ವಾರಕ್ಕೆ ನನಗೇನೂ ಉಳಿದಿರುವುದಿಲ್ಲ. ನಾನೇ ಬಿಚ್ಚಿದೆ.

ವಾಯರು ಕಿತ್ತು, ಹಳೆಯ ಟವೆಲ್ ಹಾಸಿ, ನೀರು ಬಸಿದೆ. ಬ್ಯಾಟರಿ ಅಂಗಡಿಯಿಂದ ತಂದ ಶುದ್ಧ ನೀರು ತಿಳಿಯಾಗಿಯೇ ಇರಬೇಕಿತ್ತು. ಬಕೀಟಿಗೆ ಬಿದ್ದದ್ದು ಕೆರೆಯ ಪಾಚಿಯ ಬಣ್ಣ. ಕೊಳವೆಗಳು ಒಳಗೆ ಮಂಜಾಗಿದ್ದವು. ಜಾಳಿಗೆಯ ಸಂದಿಯ ಅರಳೆಯನ್ನು ಬ್ರಷ್ಷಿನಿಂದ ಬಿಡಿಸಿದೆ. ನಾಲ್ಕು ತಿಂಗಳಲ್ಲಿ ನೀರು ಇಷ್ಟು ಕೆಡುವುದುಂಟೇ ಎಂದು ಬೆರಗಾಗುತ್ತ ಬ್ಲಾಕಿಗೆ ಕೈ ಹಾಕಿದೆ.

ಮುಚ್ಚಳಕ್ಕೆ ಮೂಲೆಗೊಂದರಂತೆ ನಾಲ್ಕು ಸ್ಕ್ರೂ. ಆರು ಮೂಲೆಯ ಕೀಲಿಯನ್ನು ಅವುಗಳ ತೂತಿಗೆ ತೂರಿಸಲು ಹೋದೆ. ಹೋಗಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ತೂತಿನ ತುಂಬ ಕುಂಕುಮ ಒಣಗಿ ಕಲ್ಲಾಗಿತ್ತು. ಸ್ಕ್ರೂ ತಲೆಯಿಂದ ಮುಚ್ಚಳದ ಮೇಲಕ್ಕೆ ಭಾಗ್ಯಾಳ ಬೆರಳು ಎಳೆದ ಗೆರೆ ಎಲ್ಲಿಯೂ ಬಿರಿದಿರಲಿಲ್ಲ. ಒಂದು ಕೂದಲೆಳೆಯಷ್ಟು ಸ್ಕ್ರೂ ತಿರುಗಿದ್ದರೂ ಆ ಗೆರೆ ಒಡೆಯಬೇಕಿತ್ತು. ಎರಡನೆಯದನ್ನು ನೋಡಿದೆ. ಮೂರನೆಯದನ್ನು. ನಾಲ್ಕೂ ಹಾಗೇ.

ಬಾಗಿಲ ಹಾಳೆಯ ನಾಲ್ಕು ತಾರೀಖುಗಳನ್ನು ಮತ್ತೆ ಓದಿದೆ. ಮತ್ತೊಮ್ಮೆ ಹಚ್ಚಿರಬಹುದೇ ಎಂದು ಫೋಟೋ ಹುಡುಕಿ ಹೋಲಿಸಿದೆ. ಅದೇ ಗೆರೆ, ಅದೇ ಬಾಗು. ಅವಳ ಪರವಾಗಿ ನಾನು ಇನ್ನೂ ಒಂದಷ್ಟು ನೆಪ ಹುಡುಕಿದೆ. ಸಿಗಲಿಲ್ಲ.

ಕಸೂತಿ ಸೂಜಿಯಿಂದ ಕುಂಕುಮ ಕೆದರಿ ತೆಗೆದು ಮುಚ್ಚಳ ಬಿಚ್ಚಿದೆ. ಬಾಚಣಿಗೆಯಂಥ ಸಣ್ಣ ತಾಮ್ರದ ಹಲ್ಲುಗಳ ನಡುವೆ ಹಸಿರು ಲೋಳೆ ಒತ್ತಿಕೊಂಡು ಕೂತಿತ್ತು. ಎರಡೂವರೆ ವರ್ಷದ್ದು. ಕೈ ಒರೆಸಿಕೊಂಡು ಭಾಗ್ಯಾಳಿಗೆ ಫೋನು ಹಚ್ಚಿದೆ.

“ಮುಟ್ಟಿಲ್ಲಲ್ಲಾ ಮತ್ತ?” ಅಂದಳು.

ಹೋದ ಸಲ ಬ್ಲಾಕ್ ತೊಳೆದಾಗ ಹೇಗಿತ್ತು ಎಂದು ಕೇಳಿದೆ. ಅವಳು ತಡವರಿಸಲಿಲ್ಲ. ಒಂಚೂರು ಹಸಿರು ಬಂದಿತ್ತಂತೆ, ಲಿಂಬೆರಸ ಹಾಕಿ ಹಲ್ಲಿನ ಬ್ರಷ್ಷಿನಿಂದ ತಿಕ್ಕಿದ್ದಳಂತೆ, ರಬ್ಬರಿನ ಉಂಗುರವನ್ನೂ ತೆಗೆದು ನೋಡಿದ್ದಳಂತೆ. ಅಷ್ಟು ಚೆಂದಾಗಿ ಹೇಳಿದಳೆಂದರೆ, ಕುಂಕುಮ ಕಣ್ಣೆದುರಿಗೆ ಇರದಿದ್ದರೆ ನಾನು ಈಗಲೂ ನಂಬುತ್ತಿದ್ದೆ.

“ನಾಕೂ ಸ್ಕ್ರೂ ಬಿಚ್ಚಿದ್ದೇನು?”

“ಬಿಚ್ಚಲಾರದ ಹೆಂಗ ತೊಳೀಲಿ ತಬ್ಬು? ಮಂತ್ರಾ ಹಾಕ್ಲೇನು?”

“ನೀ ಹಚ್ಚಿದ್ದ ಕುಂಕುಮ ಹಂಗಽ ಐತಿ. ತೂತಿನ್ಯಾಗೂ ಐತಿ.”

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು, ಯಾರೋ ಚಹಾ ಕೂಗಿದರು. ಹಾಳೆಯ ಆ ನಾಲ್ಕೂ ತಾರೀಖಿನಂದು ಏನು ಮಾಡುತ್ತಿದ್ದಿ ಎಂದು ಕೇಳಿದೆ.

ಮೊದಲೆರಡು ಸಲ ಅಂಜಿಕೆ ಆಯಿತಂತೆ. ಬಿಚ್ಚಿದರೆ ಮತ್ತೆ ಕೂಡಿಸಲು ಬಾರದೆ ನೀರು ಸೋರಿ ಎಲ್ಲ ಸುಟ್ಟುಹೋದೀತು ಎಂದು ಸುಮ್ಮನೆ ಕೂತು ಎದ್ದಳಂತೆ. ನನ್ನೆದುರು ಅಂಜಿದೆ ಎನ್ನಲು ನಾಚಿಕೆ. ಅಷ್ಟೇ ಆಗಿದ್ದರೆ ನಾನು ನಕ್ಕುಬಿಡುತ್ತಿದ್ದೆನೇನೋ. ಕೊನೆಯ ಎರಡು ಸಲದ ಮಾತಿಗೆ ಬಂದಾಗ ಅವಳ ದನಿ ತಗ್ಗಿತು. ದಾದಿಯ ರೆಕಾರ್ಡಿಂಗುಗಳನ್ನೂ ನಾನು ಬಿಡಿಸಿದ ಚಿತ್ರಗಳನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಿದ್ದಳು. ಸ್ಟುಡಿಯೋದವರು ಹೊಸದೇನಾದರೂ ತಾ ಎಂದು ಜೀವ ತಿನ್ನುತ್ತಿದ್ದರಂತೆ. ಅವರು ಬೇರೆ ದನಿ ಕೂಡಿಸಿ ಸಿನಿಮಾ ಮಾಡಿದ್ದಾರೆ. ಮುಂದಿನ ವಾರ ಬರುತ್ತದೆ.

“ಬಾವಿ ಕಥೀನಾ?”

“ಹೂಂ.”

ದಾದಿಯ ಮುಂದೆ ಕೂತು ಅವಳು ಅನ್ನುತ್ತಿದ್ದ ಅದೇ ಹೂಂ. ಆಗ ಅದನ್ನು ಕೇಳಿದರೆ ಕಥೆ ಮುಂದಕ್ಕೆ ಹೋಗುತ್ತಿತ್ತು. ಈಗ ಕಥೆ ಅಲ್ಲೇ ನಿಂತಿತು. ಭಾಗ್ಯಾಳೇ ಮುಂದುವರಿಸಿದಳು.

“ಕಥಿ ಯಾರಪ್ಪಂದೂ ಅಲ್ಲ, ತಬ್ಬು. ಅವತ್ತ ಹೇಳಿದಾಕಿ ದಾದಿ, ಹೂಂ ಅಂದಾಕಿ ನಾ. ನೀ ಎಲ್ಲಿದ್ದಿ? ಗೊರಕಿ ಹೊಡಿಯಾಕತ್ತಿದ್ದಿ.”

ಖರೆ ಮಾತು. ಬೇವೂರಿನ ಪಡಸಾಲೆಯಲ್ಲಿ ಆ ಸಂಜೆ ದಾದಿಯ ತೊಡೆಯ ಮೇಲೆ ತಲೆಯಿಟ್ಟವಳು, ಸೊಸೆ ಬಾವಿಯ ದಂಡೆಗೆ ಬರುವ ಮೊದಲೇ ನಿದ್ದೆ ಹೋಗಿದ್ದೆ. ಹೂಂಗುಡುವವರು ಇಲ್ಲದಿದ್ದರೆ ಕಥೆ ನಿಲ್ಲಿಸಬೇಕೆಂಬುದು ದಾದಿಯ ನೇಮ. ಒಬ್ಬಳೇ ಇದ್ದಾಗ ನಾನು ಎಂದೂ ನಿದ್ದೆ ಮಾಡಿದವಳಲ್ಲ.

“ಹೂಂ ಅನ್ನಾಕ ನೀ ಇದ್ದಿ ಅಂತನಽ ನಾ ಮಲಗಿದ್ನಿ, ಭಾಗ್ಯಾ.”

ಅವಳೇ ಫೋನು ಇಟ್ಟಳು.

ಆ ಮೇಲೆ ಬಹಳ ಹೊತ್ತು ತಾಮ್ರದ ಹಲ್ಲುಗಳನ್ನು ತಿಕ್ಕುತ್ತ ಕೂತೆ. ಲಿಂಬೆರಸ ಹಾಕಿ, ಹಲ್ಲಿನ ಬ್ರಷ್ಷಿನಿಂದ, ಅವಳು ಸುಳ್ಳಿನಲ್ಲಿ ಹೇಳಿದ್ದ ರೀತಿಯಲ್ಲೇ. ರಬ್ಬರಿನ ಉಂಗುರ ಗಟ್ಟಿಯಿತ್ತು. ಹೊಸ ಕೊಳವೆ ಕೂಡಿಸಿ, ಹೊಸ ನೀರು ತುಂಬಿ, ಪ್ರತಿ ಸಂದಿಯ ಕೆಳಗೂ ಕಾಗದದ ಕರವಸ್ತ್ರ ಇಟ್ಟು ಪಂಪನ್ನಷ್ಟೇ ನಡೆಸಿದೆ. ಒಳಗೆ ಸಿಕ್ಕಿದ್ದ ಗಾಳಿ ಗುಳುಗುಳು ಎನ್ನುತ್ತ ಮೇಲೆ ಬಂತು. ನೀರು ಏನೋ ಹೇಳುತ್ತಿದೆ ಎಂದು ಎಂದಿನಂತೆ ಅನಿಸಿತು, ಆದರೆ ಕಿವಿಗೊಡಲು ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಕಾಗದ ಮುಟ್ಟಿ ನೋಡಿದೆ. ಒಣಗಿಯೇ ಇತ್ತು. ಕಂಪ್ಯೂಟರು ಅರವತ್ತು ಡಿಗ್ರಿ ದಾಟಲಿಲ್ಲ.

ಮೂರು ದಿನದಲ್ಲಿ ಚಿತ್ರ ಮುಗಿಯಿತು, ದನಿಯ ಕೆಲಸ ಉಳಿಯಿತು. ದಾದಿಯ ಮಾತುಗಳ ನಡುವಿನ ಹೂಂಗಳನ್ನೆಲ್ಲ ಕತ್ತರಿಸಬೇಕೆಂದು ಮೊದಲಿನಿಂದಲೂ ಅಂದುಕೊಂಡಿದ್ದೆ. ಈಗ ಕತ್ತರಿಸುವ ಆಸೆ ಇನ್ನೂ ಜೋರಾಗಿತ್ತು. ನಾಲ್ಕೈದು ಕತ್ತರಿಸಿಯೂ ನೋಡಿದೆ. ದಾದಿ ಯಾರೂ ಇಲ್ಲದ ಕೋಣೆಯಲ್ಲಿ ಒಬ್ಬಳೇ ಮಾತಾಡಿಕೊಳ್ಳುವಂತೆ ಕೇಳಿಸಿತು. ಮುಂದೆ ಬಾವಿ ಕುದಿಯುವಲ್ಲಿ ಒಮ್ಮೆ ಹೂಂ ತಡವಾಗುತ್ತದೆ. ದಾದಿ ಕಥೆ ನಿಲ್ಲಿಸಿ ಕರೆಯುತ್ತಾಳೆ:

“ಏ ಭಾಗ್ಯಾ, ನೀನೂ ಮಲಗಿದೇನವಾ? ತಬ್ಬು ಅಂತೂ ಮಲಗ್ಯಾಳ. ನೀನರ ಎಚ್ಚರ ಇರು.”

ಅದನ್ನು ಐದಾರು ಸಲ ಕೇಳಿದೆ. ಕತ್ತರಿಸಿದ ಹೂಂಗಳನ್ನೆಲ್ಲ ಮತ್ತೆ ಅವುಗಳ ಜಾಗಕ್ಕೆ ಇಟ್ಟೆ. ದಾದಿಯ ಆ ಮಾತನ್ನೂ ಹಾಗೇ ಬಿಟ್ಟೆ. ಕೊನೆಗೆ ಹೆಸರುಗಳು ಬರುವಲ್ಲಿ ಬರೆದೆ: ‘ಕಥೆ ಹೇಳಿದವರು, ಬೇವೂರಿನ ದಸ್ತಗೀರಬಿ. ಹೂಂಗುಟ್ಟಿದವಳು, ಗುಡೂರಿನ ಭಾಗ್ಯಾ.’ ಕೆಳಗೆ ಆ ಸಂಜೆಯ ತಾರೀಖು ಹಾಕಿದೆ. ಚಿತ್ರೋತ್ಸವಕ್ಕೆ ಕಳಿಸಿ, ಅದರ ಪ್ರತಿಯೊಂದನ್ನು ಭಾಗ್ಯಾಳಿಗೂ ಕಳಿಸಿದೆ.

ಒಂದು ತಾಸಿನೊಳಗೆ ಮೆಸೇಜು ಬಂತು: ‘ನನ್ನ ಹೆಸರು ತಗಿ ತಬ್ಬು. ಇಲ್ಲಿಯವರಿಗೆ ಎಲ್ಲಾ ಗೊತ್ತಾಗತೈತಿ.’

ನಾನು ಹೆಸರು ತೆಗೆಯಲಿಲ್ಲ. ಬಾಗಿಲ ಹಾಳೆಯಲ್ಲಿ ಅವಳ ನಾಲ್ಕು ಸಾಲಿನ ಕೆಳಗೆ ಐದನೆಯ ತಾರೀಖು ಬರೆದೆ. ಆಮೇಲೆ ಪರ್ಸಿನಿಂದ ನೇಲ್ ಪಾಲಿಶ್ ತೆಗೆದು, ನಾಲ್ಕೂ ಸ್ಕ್ರೂಗಳ ತಲೆಯಿಂದ ಮುಚ್ಚಳದ ಮೇಲಕ್ಕೆ ಒಂದೊಂದು ಗೆರೆ ಎಳೆದೆ. ಭಾಗ್ಯಾ ಹಚ್ಚಿದ್ದು ಪೂಜೆಗಾಗಿತ್ತು. ನನ್ನದು ಪೂಜೆಗಲ್ಲ.